ಹಳೆಯ ಪೆಟ್ರೋಲ್ ಸ್ಪೋರ್ಟ್ಸ್ ಕಾರು ಎಫ್‌ಸಿಯಲ್ಲಿ ಫೇಲಾಗುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟ ಹತ್ತಿದ ಹಳೆಯ ಕಾರುಗಳಲ್ಲಿ ಒಂದೆರಡು ಇಳಿದು ಬರುವಾಗ ನನ್ನ ಅಂಗಳದಲ್ಲಿ ನಿಲ್ಲುತ್ತವೆ. ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ವರ್ಷಗಟ್ಟಲೆ ಬಾಯಲ್ಲಿ ಹೇಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಎಫ್‌ಸಿಯಲ್ಲಿ, ಅಂದರೆ ಹಳೆಯ ಕಾರಿನ ಸರ್ಕಾರಿ ತಪಾಸಣೆಯಲ್ಲಿ, ಯಾವುದೋ ಒಂದು ಸಣ್ಣ ಕಾರಣಕ್ಕೆ ಫೇಲಾಗಿ ಒಳ್ಳೆಯ ಕಾರೊಂದು ಗುಜರಿ ಸೇರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

15 ವರ್ಷ ತುಂಬಿದರೆ ಪೆಟ್ರೋಲ್ ಕಾರನ್ನು ಗುಜರಿಗೆ ಹಾಕಲೇಬೇಕಂತೆ, ಹೌದೇ?

ಇಲ್ಲ. ನೀವು ಕೇಳಿರುವುದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಸುದ್ದಿ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಅದೂ ನಿಮ್ಮ ಸ್ವಂತ ಕಾರಿಗೆ ಸಂಬಂಧಿಸಿದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಪ್ರತಿ ಸಲವೂ 5 ವರ್ಷಕ್ಕೆ ನವೀಕರಣ ಸಿಗುತ್ತದೆ. ಕಾರು ಗಟ್ಟಿಯಾಗಿರುವವರೆಗೆ ಹೀಗೆಯೇ ಮುಂದುವರಿಸಬಹುದು.

ಎಲ್ಲರೂ ಎಫ್‌ಸಿ ಎನ್ನುತ್ತಾರೆ, ಕಚೇರಿಯಲ್ಲಿ ಆರ್‌ಸಿ ನವೀಕರಣ ಎನ್ನುತ್ತಾರೆ. ಎರಡೂ ಒಂದೇ?

ಎಫ್‌ಸಿ ಎಂಬುದು ಬಾಡಿಗೆ ವಾಹನಗಳ ಯೋಗ್ಯತಾ ಪತ್ರ. ನಮ್ಮ ಸ್ವಂತ ಕಾರಿಗೆ ಆಗಬೇಕಾದದ್ದು ಆರ್‌ಸಿಯ, ಅಂದರೆ ನೋಂದಣಿ ಪತ್ರದ, ನವೀಕರಣ. ಆದರೆ ಎರಡರಲ್ಲೂ ಮೋಟಾರು ವಾಹನ ನಿರೀಕ್ಷಕರು, ಅಂದರೆ ನಾವೆಲ್ಲ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವವರು, ಕಾರನ್ನು ನೋಡಲೇಬೇಕು. ಹಾಗಾಗಿ ಊರಿನಲ್ಲಿ ಎರಡಕ್ಕೂ ಎಫ್‌ಸಿ ಎಂದೇ ಹೆಸರು ನಿಂತಿದೆ. ನಾನೂ ಹಾಗೆಯೇ ಬರೆಯುತ್ತೇನೆ.

ಅರ್ಜಿ ನಮೂನೆ 25ರಲ್ಲಿ ಇರಬೇಕು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ ಸೇರುತ್ತಾ ಹೋಗುತ್ತದೆ. 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಅಷ್ಟೇ ಹಳೆಯ ಆಮದಾದ ಕಾರಿಗೆ 80,000 ಎಂದಾಯಿತು. ಹೊರದೇಶದ ಹಳೆಯ ಕಾರನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಈ ಕೊನೆಯ ಮೊತ್ತವನ್ನು ಎರಡು ಸಲ ಓದಿಕೊಳ್ಳಿ. ಮೂಗಿಗಿಂತ ಮೂಗುತಿ ಭಾರ ಆಗಬಾರದು. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯನ್ನೂ ಕಟ್ಟಬೇಕು.

ಯಾವ ಕಚೇರಿಗೆ ಹೋಗಬೇಕು?

ಆರ್‌ಸಿಯಲ್ಲಿರುವ ವಿಳಾಸಕ್ಕೆ ಸೇರಿದ ಕಚೇರಿಗೆ. ಚಿಕ್ಕಬಳ್ಳಾಪುರ ಕೆಎ-40, ಚಿಂತಾಮಣಿ ಕೆಎ-67, ಕೋಲಾರ ಕೆಎ-07, ಕೆಜಿಎಫ್ ಕೆಎ-08, ತುಮಕೂರು ಕೆಎ-06, ಮಧುಗಿರಿ ಕೆಎ-64, ತಿಪಟೂರು ಕೆಎ-44. ಬೆಂಗಳೂರಿನಲ್ಲಿ ಕೊಂಡ ಕಾರಾದರೆ ಮೊದಲು ಹೆಸರು ಮತ್ತು ವಿಳಾಸ ಬದಲಾಗಲಿ. ಹಳೆಯ ಮಾಲೀಕರ ಬ್ಯಾಂಕ್ ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಅಡಮಾನದ ನಮೂದು ಉಳಿದಿರುತ್ತದೆ. ಅದನ್ನು ತೆಗೆಸದಿದ್ದರೆ ಅರ್ಜಿಗೆ ತಡೆಯಾಗಬಹುದು.

ನನ್ನದು ಸಾಧಾರಣ ಸೆಡಾನ್. ಅದನ್ನೂ ಸ್ಪೋರ್ಟ್ಸ್ ಕಾರು ಎನ್ನುತ್ತೀರಾ?

ನಮ್ಮ ದೇಶದಲ್ಲಿ ಎರಡು ಸೀಟಿನ ಕಾರುಗಳು ಬೆರಳೆಣಿಕೆಯಷ್ಟು. ಗೋವಾದಲ್ಲಿ ತಯಾರಾದ, 1149 ಸಿಸಿ ರೆನೋ ಎಂಜಿನ್‌ನ ಸ್ಯಾನ್ ಸ್ಟಾರ್ಮ್ ಅಂಥದ್ದು. ಉಳಿದಂತೆ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಮಿತ್ಸುಬಿಷಿ ಸೀಡಿಯಾ, ಫೋರ್ಡ್ ಐಕಾನ್ 1.6 ಇವೇ ನಮ್ಮ ಪೀಳಿಗೆಯ ವೇಗದ ಕಾರುಗಳು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಒಂದಷ್ಟು ಬದಲಾವಣೆ ಕಂಡ ಯಾವ ಪೆಟ್ರೋಲ್ ಕಾರಿಗೂ ಇಲ್ಲಿ ಹೇಳುವುದು ಅನ್ವಯಿಸುತ್ತದೆ.

ಅತಿ ಹೆಚ್ಚು ಕಾರುಗಳು ಯಾವ ಕಾರಣಕ್ಕೆ ಫೇಲಾಗುತ್ತವೆ?

ಎಂಜಿನ್ ಸವೆತ ಎಂದು ಎಲ್ಲರೂ ಊಹಿಸುತ್ತಾರೆ. ನನ್ನ ಅನುಭವ ಬೇರೆ. ಕಾರಿಗೂ ಆರ್‌ಸಿಗೂ ತಾಳೆಯಾಗದಿರುವುದು ಮೊದಲನೆಯ ಕಾರಣ. ತಿಂಗಳುಗಟ್ಟಲೆ ನಿಂತು ಬ್ರೇಕು, ರಬ್ಬರು ಹಾಳಾಗಿರುವುದು ಎರಡನೆಯದು. ಇವೆರಡನ್ನು ಬಿಟ್ಟರೆ ಉಳಿದವು ಒಂದೆರಡು ದಿನದ ಕೆಲಸ.

ತಾಳೆಯ ವಿಷಯ ಹೇಳುತ್ತೇನೆ. ಮೂರನೆಯ ಮಾಲೀಕರು ತರುತ್ತಾರೆ, ಕಾರು ಹೊಳೆಯುತ್ತಿರುತ್ತದೆ. ಆರ್‌ಸಿಯಲ್ಲಿ ಬಿಳಿ, ಕಣ್ಣೆದುರು ಕೆಂಪು. ಆರ್‌ಸಿಯಲ್ಲಿ ಐದು ಸೀಟು, ಒಳಗೆ ಎರಡೇ. ತೂಕ ಇಳಿಯಲೆಂದು ಮೊದಲ ಮಾಲೀಕರು ಹಿಂದಿನ ಸೀಟನ್ನು ಕಿತ್ತು, ಕಾರು ಮಗುಚಿದರೆ ಕಾಯಲೆಂದು ಕಬ್ಬಿಣದ ಪಂಜರ ಕೂರಿಸಿರುತ್ತಾರೆ. ಬಾನೆಟ್ ಎತ್ತಿದರೆ ಎಂಜಿನ್ ನಂಬರೇ ಬೇರೆ. ಬಣ್ಣ ಬದಲಿಸುವುದಕ್ಕೆ ತಡೆಯಿಲ್ಲ, ಆದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಎಂಜಿನ್ ಬದಲಿಸಿದ್ದರೆ ಕಚೇರಿಯ ಅನುಮತಿ ಮತ್ತು ಎಂಜಿನ್ ಕೊಂಡ ರಸೀದಿ ಬೇಕು. ತಯಾರಕರ ವಿನ್ಯಾಸಕ್ಕೆ ಹೊರತಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ 1300 ಸಿಸಿ ಕಾರಿನಲ್ಲಿ 1600 ಸಿಸಿ ಎಂಜಿನ್ ಕೂತಿದ್ದರೆ ಅದನ್ನು ಇಳಿಸಿ ಮೂಲದ್ದನ್ನೇ ಏರಿಸುವುದು ನೇರವಾದ ದಾರಿ. ಹಳೆಯ ಬಿಡಿಭಾಗಗಳನ್ನು ಮಾರಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕೇ. ಮೂಲ ಸೀಟು, ಮೂಲ ಸೈಲೆನ್ಸರ್, ಮೂಲ ಸ್ಪ್ರಿಂಗ್ ಅಟ್ಟದ ಮೇಲೆ ಇರಲಿ.

ಚಾಸಿ ನಂಬರ್ ಸರಿಯಾಗಿ ಕಾಣುತ್ತಿಲ್ಲವೆಂದು ವಾಪಸು ಕಳುಹಿಸಿದರು. ಈಗೇನು ಮಾಡಲಿ?

ಗಾಬರಿಯಾಗಬೇಡಿ, ಗ್ರೈಂಡರ್ ಹಿಡಿಯಬೇಡಿ. ಇದು ನಾನು ಕೈಯಾರೆ ಮಾಡಿದ ಕೆಲಸವಾದ್ದರಿಂದ ವಿವರವಾಗಿ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಬಂದ ಕಾರೊಂದರಲ್ಲಿ ನಂಬರ್ ಇರಬೇಕಾದ ಜಾಗದ ಮೇಲೆ ಯಾರೋ ತುಕ್ಕು ತಡೆಯುವ ಕಪ್ಪು ಲೇಪನವನ್ನು ದಪ್ಪಗೆ ಬಳಿದಿದ್ದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅದರ ಮೇಲೆ ಒತ್ತಿಟ್ಟೆ. ಲೇಪನ ಮೆತ್ತಗಾದ ಮೇಲೆ ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲನೆ ಕೆರೆದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ತೆಳುವಾದ ಬಿಳಿ ಹಾಳೆಯಿಟ್ಟು ಪೆನ್ಸಿಲ್‌ನ ಪಕ್ಕವನ್ನು ಆಡಿಸಿದಾಗ ಬೂದು ಬಣ್ಣದ ನಡುವೆ ಒಂದೊಂದೇ ಅಕ್ಷರ ಬೆಳ್ಳಗೆ ಮೂಡಿತು. ಕೊನೆಯ ಅಂಕಿ 3 ಅಥವಾ 8 ಎಂಬ ಅನುಮಾನವಿತ್ತು. ಇನ್ನೊಂದು ಸಲ ತಿಕ್ಕಿದ ಮೇಲೆ 8 ಎಂದು ಖಚಿತವಾಯಿತು. ಆ ಕಾರಿನ ಮಾಲೀಕರು ಹಾಳೆಯನ್ನು ಮಡಚಿ ಆರ್‌ಸಿಯ ಜೊತೆಗೇ ಇಟ್ಟುಕೊಂಡರು.

ಇದನ್ನೇ ನಾವು ಪೆನ್ಸಿಲ್ ಪ್ರಿಂಟ್ ಎನ್ನುತ್ತೇವೆ. ಉಕ್ಕಿನ ಬ್ರಷ್ ಹಾಕಿ ಉಜ್ಜಿದರೆ ಅಂಕಿಯ ಅಂಚು ಸವೆಯುತ್ತದೆ, ಆಗ ನಂಬರ್ ತಿದ್ದಿದ್ದಾರೆಂಬ ಸಂಶಯಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ತುಕ್ಕು ನಂಬರನ್ನು ನಿಜವಾಗಿಯೂ ತಿಂದುಹಾಕಿದ್ದರೆ ಮರುಮುದ್ರಣಕ್ಕೆ ಕಚೇರಿಯಲ್ಲೇ ಅರ್ಜಿ ಕೊಡಿ. ನೀವಾಗಿ ಹೊಡೆಸಬೇಡಿ.

ಹೊಗೆ ತಪಾಸಣೆಯಲ್ಲಿ ಎಷ್ಟು ಬಂದರೆ ಪಾಸು?

ಭಾರತ್ ಸ್ಟೇಜ್ ಎಂದರೆ ಕಾರಿನ ಹೊಗೆಗೆ ಸರ್ಕಾರ ಹಂತಹಂತವಾಗಿ ಬಿಗಿಗೊಳಿಸಿದ ಮಾನದಂಡ. ಸ್ಟೇಜ್-2ಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ (ಹತ್ತು ಲಕ್ಷದಲ್ಲಿ 1500 ಭಾಗ) ಮಿತಿ. ಸ್ಟೇಜ್-2 ಮತ್ತು 3ಕ್ಕೆ ಶೇ 0.5 ಮತ್ತು 750. ಸ್ಟೇಜ್-4ಕ್ಕೆ ಶೇ 0.3 ಮತ್ತು 200. ಸ್ಟೇಜ್-4ಕ್ಕಿಂತ ಹಳೆಯ ಕಾರಿನ ಪ್ರಮಾಣಪತ್ರ 6 ತಿಂಗಳು ಮಾತ್ರ ನಡೆಯುತ್ತದೆ.

ತಪಾಸಣಾ ಕೇಂದ್ರದಲ್ಲಿ ಕೊಡುವ ಚೀಟಿಯನ್ನು ಓದಲು ಕಲಿಯಿರಿ, ರೋಗ ಅದರಲ್ಲೇ ಬರೆದಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ: ಕಟ್ಟಿದ ಏರ್ ಫಿಲ್ಟರ್, ಸಿಕ್ಕಿಕೊಂಡ ಚೋಕ್, ಕಾರ್ಬುರೇಟರ್‌ನ ಫ್ಲೋಟ್ ಮಟ್ಟ, ಸತ್ತ ಆಕ್ಸಿಜನ್ ಸೆನ್ಸರ್. ಕಲ್ಲು ಕ್ವಾರಿ, ಕ್ರಷರ್‌ಗಳ ದೂಳು ಹಾರುವ ನಮ್ಮ ರಸ್ತೆಗಳಲ್ಲಿ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕು. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಗೆ ಬರುತ್ತಿದೆ: ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಮುಚ್ಚಳ, ಟೈಮಿಂಗ್ ನೋಡಿ.

ಎಂಜಿನ್ ತಣ್ಣಗಿರುವಾಗ ಪರೀಕ್ಷೆ ಮಾಡಿಸಬೇಡಿ. ಸೈಲೆನ್ಸರ್‌ಗೆ ಮುಂಚೆ ಇದ್ದು ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 250–300 ಡಿಗ್ರಿ ಮುಟ್ಟಿದ ಮೇಲಷ್ಟೇ ಕೆಲಸ ಆರಂಭಿಸುತ್ತದೆ. 20 ನಿಮಿಷ ಓಡಿಸಿ, ನೇರವಾಗಿ ಕೇಂದ್ರಕ್ಕೆ ಹೋಗಿ.

ಎಲ್ಲವನ್ನೂ ಬದಲಿಸಿದ್ದೇನೆ, ಆದರೂ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತಿಲ್ಲ. ಇನ್ನೇನು ಉಳಿದಿದೆ?

ರೇಡಿಯೇಟರ್‌ಗೆ ಯಾವ ನೀರು ಹಾಕುತ್ತೀರಿ?

ಈ ಪ್ರಶ್ನೆ ಕೇಳಿದಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಇದು ನಿಜವಾದ ಕಾರಣ. ನಮ್ಮ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂರುವುದನ್ನು ಮನೆಯಲ್ಲಿ ದಿನಾ ನೋಡುತ್ತೇವೆ. ಅದೇ ಪೊರೆ ರೇಡಿಯೇಟರ್‌ನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಬೇಸಿಗೆಯಲ್ಲಿ ಎಂಜಿನ್ ಬಿಸಿಯೇರುತ್ತದೆ. ಆಗ ಯಾರೋ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುತ್ತಾನೆ. ಬಿಸಿಯೇರುವುದು ಅಷ್ಟರಮಟ್ಟಿಗೆ ನಿಲ್ಲುತ್ತದೆ, ಮಾಲೀಕರಿಗೂ ಸಂತೋಷ.

ಆ ವಾಲ್ವ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ ತೆರೆದುಕೊಳ್ಳಬೇಕಾದದ್ದು. ಅದು ಇಲ್ಲದಿದ್ದರೆ ನೀರು ಸದಾ ಹರಿಯುತ್ತದೆ, ಎಂಜಿನ್ ತನ್ನ ಸರಿಯಾದ ಬಿಸಿಯನ್ನು ಮುಟ್ಟುವುದೇ ಇಲ್ಲ. ಇಂಜೆಕ್ಷನ್ ಇರುವ ಕಾರಿನ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಪೆಟ್ರೋಲ್ ಹೆಚ್ಚಿಸುತ್ತಲೇ ಇರುತ್ತದೆ. ಬಿಸಿಯ ಮುಳ್ಳು ಅರ್ಧಕ್ಕೆ ಬರದೆ ಕೆಳಗೇ ನಿಂತಿದ್ದರೆ ಸಂತೋಷಪಡಬೇಡಿ, ಅದು ರೋಗದ ಲಕ್ಷಣ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯೊಬ್ಬರ ಕಾರು ಮೂರು ಸಲ ಫೇಲಾಗಿ ಬಂದಿತ್ತು. ಶೇ 0.5 ಇರಬೇಕಾದಲ್ಲಿ 1.8 ತೋರಿಸುತ್ತಿತ್ತು. ಸೆನ್ಸರ್, ಪ್ಲಗ್, ಇಂಜೆಕ್ಟರ್ ಎಲ್ಲವನ್ನೂ ಬದಲಿಸಿ ಸಾವಿರಾರು ರೂಪಾಯಿ ಕಳೆದುಕೊಂಡಿದ್ದರು. ವಾಲ್ವ್ ಇರಬೇಕಾದ ಗೂಡನ್ನು ತೆರೆದರೆ ಒಳಗೆ ಏನೂ ಇಲ್ಲ, ಗೋಡೆಗೆ ಸುಣ್ಣ ಬಳಿದಂತೆ ಬೆಳ್ಳಗಿನ ಪದರ. ರೇಡಿಯೇಟರ್ ಬಿಚ್ಚಿ ಶುದ್ಧ ಮಾಡಿಸಿ, ಹೊಸ ವಾಲ್ವ್ ಕೂರಿಸಿ, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟ್ ತುಂಬಿದೆವು. ಮರುದಿನದ ಚೀಟಿಯಲ್ಲಿ 0.3 ಇತ್ತು.

ಸೈಲೆನ್ಸರ್ ಸದ್ದು ಜೋರಾಗಿದೆ, ಆದರೆ ಹೊಗೆ ಸರಿಯಿದೆ. ಪಾಸಾಗುವುದೇ?

ಇಲ್ಲ. ಮೂಲ ಸೈಲೆನ್ಸರ್ ಕೂರಿಸಿ. ಅಗಲವಾದ ಪೈಪ್ ಹಾಕುವಾಗ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕತ್ತರಿಸಿ ತೆಗೆದಿದ್ದರೆ ಹೊಗೆಯೂ ಸರಿ ಬರುವುದಿಲ್ಲ. ಜಾಯಿಂಟ್‌ನಲ್ಲಿ ಸಣ್ಣ ಸೋರಿಕೆಯಿದ್ದರೂ ಹೊರಗಿನ ಗಾಳಿ ಒಳಸೇರಿ ಆಕ್ಸಿಜನ್ ಸೆನ್ಸರ್ ದಾರಿ ತಪ್ಪುತ್ತದೆ.

ತಿಂಗಳಿಗೊಮ್ಮೆ ಮಾತ್ರ ಹೊರತೆಗೆಯುವ ಕಾರು. ಬ್ರೇಕ್ ಸವೆದಿರಲು ಸಾಧ್ಯವೇ?

ಸವೆದಿರುವುದಿಲ್ಲ, ಹಿಡಿದಿರುತ್ತದೆ. ನಿಂತ ಕಾರಿನಲ್ಲಿ ಡಿಸ್ಕನ್ನು ಒತ್ತಿಹಿಡಿಯುವ ಕ್ಯಾಲಿಪರ್‌ನ ಪಿಸ್ಟನ್ ತುಕ್ಕು ಹಿಡಿದು ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ಒತ್ತಿ ನೋಡಿದಾಗ ಕಾರು ಎಡಕ್ಕೋ ಬಲಕ್ಕೋ ಎಳೆಯುತ್ತದೆ, ಅಲ್ಲಿಗೆ ಮುಗಿಯಿತು. ಹಿಂದಿನ ಗಾಲಿಗೂ ಡಿಸ್ಕ್ ಇರುವ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್‌ನ ಲಿವರೇ ಜಡವಾಗಿರುತ್ತದೆ. ಮನೆಯಲ್ಲೇ ಪರೀಕ್ಷಿಸಿ: ಹತ್ತು ಕಿಲೋಮೀಟರ್ ಓಡಿಸಿ, ಇಳಿದು, ನಾಲ್ಕೂ ಗಾಲಿಯ ಹತ್ತಿರ ಅಂಗೈ ಹಿಡಿಯಿರಿ. ಮುಂದಿನ ಎರಡು ಒಂದೇ ಸಮ ಬಿಸಿ ಇರಬೇಕು, ಹಿಂದಿನ ಎರಡೂ ಹಾಗೆಯೇ. ಒಂದು ಮಾತ್ರ ಕೆಂಡದಂತಿದ್ದರೆ ಅದು ಹಿಡಿದಿದೆ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ತಿರುವುಗಳಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಇದು ತಪಾಸಣೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪ್ರಾಣದ ಪ್ರಶ್ನೆಯಾಗುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಗಾಲಿಯ ಹತ್ತಿರದ ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಸ್ಟಿಯರಿಂಗ್‌ನಲ್ಲಿ ಸ್ವಲ್ಪ ಪ್ಲೇ ಇದೆ. ಎಷ್ಟಿದ್ದರೆ ನಡೆಯುತ್ತದೆ?

ಗಾಲಿ ತಿರುಗದೆ ಸ್ಟಿಯರಿಂಗ್ ಮಾತ್ರ ಆಡುವುದೇ ಪ್ಲೇ. ನಿಯಮದಲ್ಲಿ ಅದಕ್ಕೆ 30 ಡಿಗ್ರಿಯವರೆಗೆ ಅವಕಾಶವಿದೆ. ವೇಗದ ಕಾರಿಗೆ ಅಷ್ಟು ಬಿಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು ಆಡಿದರೆ ಟೈ ರಾಡ್ ತುದಿ, ಬಾಲ್ ಜಾಯಿಂಟ್, ಬುಷ್ ನೋಡಿಸಿ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಿಗೆ ಮೂಲ ಸ್ಪ್ರಿಂಗ್ ಹಾಕಿಯೇ ತನ್ನಿ. ಮಡ್‌ಗಾರ್ಡ್‌ನಿಂದ ಹೊರಚಾಚಿದ ಟೈರೂ ಬೇಡ.

ಟೈರ್ ಹೊಸದರಂತೆ ಕಾಣುತ್ತದೆ, ಆದರೂ ಬೇಡವೆಂದರು. ಏಕೆ?

ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು. ನಿಮ್ಮದು ಅದಕ್ಕಿಂತ ಆಳವಿರಬಹುದು, ಆದರೆ ಪಕ್ಕದ ಗೋಡೆ ನೋಡಿ. ಬಿಸಿಲಿನಲ್ಲಿ ನಿಂತ ಟೈರ್ ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿದೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು.

ಹೆಡ್‌ಲೈಟ್ ವಿಷಯದಲ್ಲಿ ಏನೇನು ನೋಡುತ್ತಾರೆ?

ರ‍್ಯಾಲಿಯ ಆಸೆಗೆ 100/90 ವ್ಯಾಟ್ ಬಲ್ಬ್ ಹಾಕಿದ ಕಾರುಗಳು ಇನ್ನೂ ಬರುತ್ತವೆ. ಅನುಮತಿ ಇರುವುದು 60/55ಕ್ಕೆ. ಹೆಚ್ಚಿನ ವ್ಯಾಟ್ ಒಳಗಿನ ಬೆಳ್ಳಿ ಲೇಪನವನ್ನು ಸುಟ್ಟು ಕಪ್ಪು ಮಾಡಿರುತ್ತದೆ, ಆಮೇಲೆ ಯಾವ ಬಲ್ಬ್ ಹಾಕಿದರೂ ಮಂದವೇ. ಹ್ಯಾಲೊಜೆನ್ ಬಲ್ಬ್‌ಗೆಂದು ಮಾಡಿದ ದೀಪದಲ್ಲಿ ಎಚ್‌ಐಡಿ ಎಂಬ ಪ್ರಖರ ಬಲ್ಬ್ ಕೂರಿಸಿದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಹಾಲಿನ ಕ್ಯಾನ್ ಕಟ್ಟಿಕೊಂಡು ಎದುರಿಗೆ ಬರುವ ಬೈಕಿನವರನ್ನು ನೆನೆದು ಅದನ್ನು ತೆಗೆಸಿ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಂತೆ ಮೇಲೆದ್ದು ಬರುವ ದೀಪಗಳಿದ್ದರೆ ಎರಡೂ ಒಟ್ಟಿಗೆ ಏಳುತ್ತವೆಯೇ ನೋಡಿಕೊಳ್ಳಿ.

ಫೈಬರ್‌ಗ್ಲಾಸ್ ಮೈಯ ಕಾರುಗಳಿಗೆ ಒಂದು ವಿಶೇಷ ತೊಂದರೆ. ತಗಡಿನ ಕಾರಿನಲ್ಲಿ ಮೈಯೇ ಅರ್ಥ್ ಆಗಿ, ಅಂದರೆ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿಯಾಗಿ, ಕೆಲಸ ಮಾಡುತ್ತದೆ. ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರ್ ಇರುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು, ಒಂದು ಹತ್ತಿದರೆ ಇನ್ನೊಂದು ಆರುವುದು ಎಲ್ಲವೂ ಅರ್ಥ್ ವೈರಿನ ತುದಿಯ ತುಕ್ಕಿನಿಂದ. ಬಲ್ಬ್ ಬದಲಿಸುವ ಮೊದಲು ಆ ತುದಿಗಳನ್ನು ಬಿಚ್ಚಿ ಉಜ್ಜಿ.

ಗಾಜು, ಬೆಲ್ಟು, ನಂಬರ್ ಪ್ಲೇಟು?

ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು. ಕಪ್ಪು ಫಿಲ್ಮ್ ತೆಗೆಸಿ. ಬಟ್ಟೆಯ ಮೇಲ್ಚಾವಣಿಯ ಕಾರಿನಲ್ಲಿ ಹಳದಿಗಟ್ಟಿದ ಹಿಂದಿನ ಪ್ಲಾಸ್ಟಿಕ್ ಕಿಟಕಿ ಬದಲಾಗಲಿ. ರೇಸ್ ಬೆಲ್ಟ್ ತೆಗೆದು ಮೂಲ ಸೀಟ್ ಬೆಲ್ಟ್ ಹಾಕಿ. ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯ.

ಈಗಿನ ಶೇ 20 ಎಥೆನಾಲ್ ಪೆಟ್ರೋಲ್‌ನಿಂದ ನನ್ನ ಹಳೆಯ ಕಾರು ಫೇಲಾಗಬಹುದೇ?

ಹೊಗೆಯ ವಿಚಾರದಲ್ಲಿ ಭಯ ಬೇಡ. ಎಥೆನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಕಾರ್ಬುರೇಟರ್ ಕಾರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ನನಗೆ ಚಿಂತೆಯಿರುವುದು ಹಳೆಯ ರಬ್ಬರಿನ ಬಗ್ಗೆ. ಎಥೆನಾಲ್‌ಗೆ ಒಗ್ಗದ ಪೆಟ್ರೋಲ್ ಪೈಪ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗುವ ಕಾರನ್ನು ಯಾರೂ ಪಾಸು ಮಾಡಬಾರದು, ಮಾಡುವುದೂ ಇಲ್ಲ. ಎಥೆನಾಲ್ ತಡೆಯುವ ಪೈಪ್‌ಗಳನ್ನು ಟ್ಯಾಂಕ್‌ನಿಂದ ಎಂಜಿನ್‌ವರೆಗೆ ಒಮ್ಮೆ ಹಾಕಿಸಿಬಿಡಿ.

ಮಂಗಳೂರಿನಿಂದ ಒಂದು ಒಳ್ಳೆಯ ಕಾರು ಸಿಗುತ್ತಿದೆ. ಕೊಳ್ಳಲೇ?

ಕೆಳಗೆ ಮಲಗಿ ನೋಡದೆ ಕೊಳ್ಳಬೇಡಿ. ನಮ್ಮ ಬಯಲುಸೀಮೆಯ ಒಣ ಹವೆ ತಗಡಿಗೆ ದೊಡ್ಡ ವರ. ಕಡಲ ಗಾಳಿ ಹಾಗಲ್ಲ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಬ್ಯಾಟರಿ ತಟ್ಟೆ ಈ ಮೂರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ಅಣ್ಣಾ, ಕಾರು ತೋರಿಸದೆಯೇ ಎಫ್‌ಸಿ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಕೊಡಲೇ?

ಕೊಡಬೇಡ ತಮ್ಮಾ. ಅರ್ಜಿ ತುಂಬಲು ಯಾರ ಸಹಾಯವನ್ನಾದರೂ ತೆಗೆದುಕೊ, ಕಾರನ್ನು ಮಾತ್ರ ನೀನೇ ಓಡಿಸಿಕೊಂಡು ಹೋಗಿ ತೋರಿಸು. ನಿನ್ನ ಕಾರಿನ ಕೆಳಗೆ ಇನ್ನೊಬ್ಬರು ಇಣುಕಿ ನೋಡುವ ಅವಕಾಶ ಐದು ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ಹಣ ಕೊಟ್ಟು ತಪ್ಪಿಸಿಕೊಳ್ಳುವುದು ನನಗೆ ಅರ್ಥವಾಗದ ವ್ಯವಹಾರ.

ಫೇಲಾಯಿತು. ಮುಂದೇನು?

ದೋಷಗಳನ್ನು ಬರೆದುಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಿ ಕೇಳಿಸಿಕೊಂಡದ್ದು ವರ್ಕ್‌ಶಾಪ್‌ಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಅವನ್ನಷ್ಟೇ ಸರಿಪಡಿಸಿ, ರಸೀದಿಗಳ ಜೊತೆ ಮತ್ತೆ ತೋರಿಸಿ. ನೋಂದಣಿ ಅವಧಿ ಮುಗಿದಿದ್ದರೆ ನಡುವೆ ಓಡಿಸಬೇಡಿ. ಅಪಘಾತವಾದರೆ ವಿಮೆ ಕೈಕೊಡಬಹುದು.

ಮುಂದಿನ ಎಫ್‌ಸಿಯವರೆಗೆ ಕಾರನ್ನು ಹೇಗೆ ಇಟ್ಟುಕೊಳ್ಳಲಿ?

ಓಡಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಸೈಲೆನ್ಸರ್‌ನಲ್ಲಿ ನೀರು ನಿಲ್ಲುತ್ತದೆಯೇ ಹೊರತು ಬೇರೆ ಲಾಭವಿಲ್ಲ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಬ್ಯಾಟರಿಯ ತಂತಿ ಬಿಚ್ಚಿ, ವೈರ್ ಕಡಿಯುವ ಇಲಿಗಳು ಒಳನುಗ್ಗದಂತೆ ಶೆಡ್ಡಿನ ಸಂದುಗಳನ್ನು ಮುಚ್ಚಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಮೊದಲ ಗೇರ್‌ನಲ್ಲಿಟ್ಟು ಎರಡು ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು ನಿಲ್ಲಿಸಿ.